ಹಟ್ಟಿ, ಶಾಸನ ಮತ್ತು ಪಕ್ಷೇತರ ರಾಜಕಾರಣ

ಕನ್ನಡದಲ್ಲಿ ‘ಶಾಸನ’ ಎಂಬ ಪದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಕಲ್ಲಿನಲ್ಲಿ ಕೊರೆದ ಬರಹವೂ ಶಾಸನ, ವಿಧಾನಮಂಡಲ ಅಂಗೀಕರಿಸಿದ ಕಾನೂನೂ ಶಾಸನ. ಮೊದಲನೆಯದನ್ನು ಓದುವ ವಿದ್ವತ್ ಪರಂಪರೆ ಕನ್ನಡ ಅಧ್ಯಯನ ವಿಭಾಗಗಳಲ್ಲಿ ಗಟ್ಟಿಯಾಗಿ ಬೆಳೆದಿದೆ. ಎರಡನೆಯದನ್ನು ಸಂಸ್ಕೃತಿಯ ಪಠ್ಯವೆಂದು ಓದಿದವರು ವಿರಳ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡಗಳನ್ನೊಳಗೊಂಡ ಮಧುಗಿರಿ ಉಪವಿಭಾಗದ ಗೊಲ್ಲರಹಟ್ಟಿಗಳ ಇತ್ತೀಚಿನ ಚರಿತ್ರೆಯನ್ನು ಅರಿಯಲು ಈ ಎರಡನೆಯ ಬಗೆಯ ಓದು ಅನಿವಾರ್ಯ.

ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆಯಿದೆ. ಕಾಡುಗೊಲ್ಲರ ಈ ಸಾಂಸ್ಕೃತಿಕ ವೀರನ ಕಾವ್ಯವನ್ನು ಜಾನಪದ ವಿದ್ವಾಂಸರು ಸಂಗ್ರಹಿಸಿದರು, ಪ್ರಕಟಿಸಿದರು, ಪದವಿ ತರಗತಿಗಳಲ್ಲಿ ಪಾಠ ಹೇಳಿದರು. ಆದರೆ ಆ ಕಾವ್ಯವನ್ನು ಹಾಡಿದವರು ವಾಸಿಸುತ್ತಿದ್ದ ಹಟ್ಟಿಗಳಲ್ಲಿ ಅನೇಕವು ಕಂದಾಯ ಇಲಾಖೆಯ ದಾಖಲೆಯಲ್ಲಿ ಗ್ರಾಮಗಳೇ ಆಗಿರಲಿಲ್ಲ. ಯಾರದೋ ಪಟ್ಟಾ ಜಮೀನಿನಲ್ಲೋ ಸರ್ಕಾರಿ ಭೂಮಿಯಲ್ಲೋ ತಲೆಮಾರುಗಳಿಂದ ನೆಲೆ ನಿಂತವರಿಗೆ ಸ್ವಂತ ಮನೆಯ ಹಕ್ಕುಪತ್ರವಿಲ್ಲ; ಹಕ್ಕುಪತ್ರವಿಲ್ಲದ ಮನೆಯ ಮೇಲೆ ಬ್ಯಾಂಕಿನ ಸಾಲವಿಲ್ಲ. ತಾಂಡಾ, ಹಾಡಿ, ಹಟ್ಟಿಗಳ ನಿವಾಸಿಗಳು ದಶಕಗಳ ಕಾಲ ಮುಂದಿಟ್ಟ ಬೇಡಿಕೆ ಇದನ್ನು ಕುರಿತದ್ದೇ ಆಗಿತ್ತು. 1974ರ ಭೂಸುಧಾರಣೆ ಉಳುವವನನ್ನು ಹೊಲದೊಡೆಯನನ್ನಾಗಿಸಿದ ಮೇಲೂ ವಾಸಿಸುವವನು ಮನೆಯ ಒಡೆಯನಾಗಿರಲಿಲ್ಲ. ಕಾಗೋಡು ತಿಮ್ಮಪ್ಪನವರು ಕಂದಾಯ ಸಚಿವರಾಗಿದ್ದ ಅವಧಿಯಲ್ಲಿ ಭೂಸುಧಾರಣಾ ಕಾಯಿದೆಗೆ 38-ಎ ಪ್ರಕರಣ ಸೇರಿತು. 2016ರ ಈ ತಿದ್ದುಪಡಿಗೆ 2017ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು.

ಆ ಪ್ರಕರಣದ ಭಾಷೆಯೇ ಗಮನಾರ್ಹವಾದುದು. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ವಡ್ಡರಹಟ್ಟಿ, ಕುರುಬರಹಟ್ಟಿ, ನಾಯಕರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ ಎಂಬ ದೇಸಿ ಪದಗಳು ಕಾನೂನಿನ ವಾಕ್ಯದೊಳಗೆ ಬಂದು ಕುಳಿತಿವೆ. ನಿಘಂಟುಕಾರರು ಎಂದೋ ದಾಖಲಿಸಿದ್ದ ಮಾತುಗಳಿಗೆ ವಿಧಾನಸೌಧ ಇಷ್ಟು ತಡವಾಗಿ ಅರ್ಥ ಕಂಡುಕೊಂಡಿತು. ಈ ಶಾಸನದ ಹಿಂದೆ ಬೇಡಿದವರಿದ್ದರು. ತಮಗೇನು ಬೇಕೆಂಬುದನ್ನು ಅವರೇ ಹೇಳಿದ್ದರು.

ಅದೇ ಹಟ್ಟಿಗಳನ್ನು ತಟ್ಟಿದ ಇನ್ನೊಂದು ಶಾಸನದ ಹುಟ್ಟು ಬೇರೆ ಬಗೆಯದು. ಮುಟ್ಟಾದ ಹೆಂಗಸರನ್ನೂ ಬಾಣಂತಿಯರನ್ನೂ ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗಿಡುವ ಪದ್ಧತಿಯನ್ನು ‘ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಪ್ರತಿಬಂಧ ಹಾಗೂ ನಿರ್ಮೂಲನಾ ಅಧಿನಿಯಮ, 2017’ ಅಪರಾಧವೆಂದು ಪರಿಗಣಿಸಿತು. 2013ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಇದರ ಕರಡು ಸಿದ್ಧವಾಯಿತು. ಲೇಖಕರು, ವಿಚಾರವಾದಿಗಳು, ನಿಡುಮಾಮಿಡಿ ಮಠದ ಸ್ವಾಮೀಜಿ ಮೊದಲಾದವರು ಇದಕ್ಕಾಗಿ ಒತ್ತಾಯಿಸಿದರು. 2015ರಲ್ಲಿ ಎಂ.ಎಂ. ಕಲಬುರ್ಗಿಯವರ ಹತ್ಯೆ ನಡೆದ ಮೇಲೆ ಆ ಒತ್ತಾಯ ತೀವ್ರವಾಯಿತು. ಮಸೂದೆ ಅಂಗೀಕಾರವಾದಾಗ ಕಾನೂನು ಸಚಿವರಾಗಿದ್ದ ಟಿ.ಬಿ. ಜಯಚಂದ್ರ ಅವರು ಶಿರಾ ಕ್ಷೇತ್ರದ ಪ್ರತಿನಿಧಿಯೇ ಆಗಿದ್ದರು. ಕಾಯಿದೆ 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಆದರೂ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಹೊರಗಿನ ಗುಡಿಸಲಿನಲ್ಲಿ ಬಾಣಂತಿಯೊಂದಿಗಿದ್ದ ಹಸುಗೂಸು ಸತ್ತಿತು.

ಈ ಸಾವನ್ನು ಕೇವಲ ಮೌಢ್ಯದ ಫಲವೆಂದು ವಿವರಿಸಿ ಮುಗಿಸುವುದು ಸುಲಭ. ಕಾಯಿದೆ ನಿರರ್ಥಕವೆಂದು ಹೇಳುವುದೂ ಸರಿಯಲ್ಲ. ದೂರು ಕೊಡಬಯಸುವ ಹೆಣ್ಣಿಗೆ ಅದೊಂದು ಆಸರೆ. ಆದರೆ ಆ ಹೆಣ್ಣು ತನ್ನ ಗಂಡ, ಅತ್ತೆ, ಹಟ್ಟಿಯ ಯಜಮಾನರ ವಿರುದ್ಧ ಪೊಲೀಸು ಠಾಣೆಗೆ ಹೋಗಬೇಕಾಗುತ್ತದೆ, ಮರಳಿ ಅದೇ ಹಟ್ಟಿಯಲ್ಲಿ ಬಾಳಬೇಕಾಗುತ್ತದೆ. ಹಕ್ಕುಪತ್ರದ ಬೇಡಿಕೆಯಲ್ಲಿ ಹಟ್ಟಿಗೆ ಹಟ್ಟಿಯೇ ಒಂದಾಗಿ ನಿಲ್ಲಬಹುದಿತ್ತು. ಸೂತಕದ ಪ್ರಶ್ನೆ ಹಟ್ಟಿಯನ್ನು ಒಳಗಿನಿಂದ ಸೀಳುತ್ತದೆ. ಇಲ್ಲಿ ಒಕ್ಕೊರಲ ಬೇಡಿಕೆ ಹುಟ್ಟುವವರೆಗೆ ಸರ್ಕಾರ ಕಾಯಬೇಕಿತ್ತೆಂದು ವಾದಿಸಿದರೆ ಅದು ಯಜಮಾನರ ಪರವಾದ ವಾದವೇ ಆಗುತ್ತದೆ.

ಹಟ್ಟಿಯೊಳಗಿನ ಮಾತಿಗೆ ಕಾನೂನಿನಲ್ಲಿ ಎಡೆಯಿದೆಯೆ? ಇದೆ. ರಮೇಶ್ ಕುಮಾರ್ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ 2015ರಲ್ಲಿ ತಿದ್ದುಪಡಿಯಾದ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮಸಭೆ, ವಾರ್ಡ್ ಸಭೆಗಳ ಕೆಳಗೆ ‘ಜನವಸತಿ ಸಭೆ’ಯನ್ನು ಇರಿಸಿದೆ. ಹಟ್ಟಿಯ ಮತದಾರರೆಲ್ಲರೂ, ಹೆಂಗಸರೂ, ಅದರ ಸದಸ್ಯರು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆಯನ್ನು ನಿಷೇಧಿಸಿರುವ ಕರ್ನಾಟಕದ ಕ್ರಮವೂ ಇದೇ ಆಶಯದ್ದು. ಪಕ್ಷಗಳು ಹಿತ್ತಲ ಬಾಗಿಲಿನಿಂದ ಬರುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ, ಅದು ಬೇರೆ ಮಾತು.

ಪಕ್ಷಾತೀತತೆಗೆ ಮೇಲಿನ ಹಂತದಲ್ಲಿ ಏನಾಗುತ್ತದೆಂಬುದಕ್ಕೆ ಪಾವಗಡವೇ ನಿದರ್ಶನ. 2008ರಲ್ಲಿ ಅಲ್ಲಿಂದ ವೆಂಕಟರಮಣಪ್ಪನವರು ಪಕ್ಷೇತರರಾಗಿ ಗೆದ್ದು, ಬಹುಮತಕ್ಕೆ ಕೊರತೆಯಿದ್ದ ಯಡಿಯೂರಪ್ಪನವರ ಸರ್ಕಾರದಲ್ಲಿ ಸಚಿವರಾದರು. 2010ರ ಅಕ್ಟೋಬರಿನಲ್ಲಿ ಬೆಂಬಲ ಹಿಂತೆಗೆದುಕೊಂಡ ಪಕ್ಷೇತರರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದರು. 2011ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಸರ್ಕಾರವನ್ನು ಬೆಂಬಲಿಸಿ ಮಂತ್ರಿಯಾದ ಮಾತ್ರಕ್ಕೆ ಪಕ್ಷೇತರ ಸದಸ್ಯ ಪಕ್ಷ ಸೇರಿದಂತಾಗದು ಎಂದಿತು. ತೀರ್ಪು ನ್ಯಾಯಸಮ್ಮತವೇ. ಆದರೆ ಗಡಿಯ ಬರಡು ನಾಡಿನ ಮತದಾರ ಪಕ್ಷಗಳನ್ನು ಬಿಟ್ಟು ಒಬ್ಬನನ್ನು ಆರಿಸಿದಾಗ ಏನನ್ನು ಹೇಳಿದ್ದನೆಂಬ ಪ್ರಶ್ನೆ ಈ ಇಡೀ ವ್ಯಾಜ್ಯದಲ್ಲಿ ಹಿಂದೆ ಸರಿಯಿತು.

2020ರ ಶಿರಾ ಉಪಚುನಾವಣೆಯ ಹೊಸ್ತಿಲಲ್ಲಿ ಕಾಡುಗೊಲ್ಲ ಅಭಿವೃದ್ಧಿ ನಿಗಮ ಘೋಷಣೆಯಾಯಿತು; ಬಿಜೆಪಿ ಆ ಕ್ಷೇತ್ರವನ್ನು ಮೊದಲ ಬಾರಿಗೆ ಗೆದ್ದಿತು. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಬೇಕೆಂಬ ಸಮುದಾಯದ ಹಳೆಯ ಬೇಡಿಕೆಯನ್ನು ಸಂಸತ್ತು ಮಾತ್ರ ಈಡೇರಿಸಬಲ್ಲದು. ಇತ್ತ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ವರ್ಷಗಳ ಕಾಲ ಚುನಾವಣೆಯಿಲ್ಲದೆ ಅವು ಆಡಳಿತಾಧಿಕಾರಿಗಳ ಕೈಯಲ್ಲುಳಿದವು. ಹೀಗಿರುವಾಗ ಹಟ್ಟಿಯ ಹೆಣ್ಣಿಗೆ ಕೈಗೆಟಕುವಷ್ಟು ಹತ್ತಿರವಿರುವುದು ಜನವಸತಿ ಸಭೆಯೊಂದೇ. ಆ ಸಭೆಯನ್ನು ಎಲ್ಲಿ ಕರೆಯುತ್ತಾರೆಂಬುದು ಕ್ಷುಲ್ಲಕ ವಿಚಾರವಲ್ಲ. ಅದನ್ನು ದೇವರ ಗುಡಿಯ ಮುಂದೆ ಕರೆದರೆ ಸೂತಕದಲ್ಲಿರುವವಳು ಬರಲಾರಳು. ಅಂಗನವಾಡಿಯ ಅಂಗಳದಲ್ಲಿ ಕರೆದರೆ, ಹಟ್ಟಿಯ ಬೇಲಿಯಾಚೆ ಕುಳಿತವಳೂ ಬರಬಹುದು.