ಡೈರಿಲಿ ಜಗಳ ಮಾಡ್ತೀವಿ, ಫೋನಲ್ಲಿ ಹೋದ ದುಡ್ಡು ಯಾಕೆ ಕೇಳಲ್ಲ?

ಇವತ್ತು ಬೀನ್ಸ್ ಬಗ್ಗೆನೂ ಇಲ್ಲ, ಹಸು ಬಗ್ಗೆನೂ ಇಲ್ಲ. ಪಾಸ್‌ಬುಕ್ ಬಗ್ಗೆ ಬರೀತಾ ಇದೀನಿ.

ಹಾಲಿನ ಬಟವಾಡೆ ಬಂದಿದ್ಯಾ ನೋಡೋಣ ಅಂತ ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕಿಸಿದೆ. ಹಾಲಿನ ದುಡ್ಡು ಸರಿಯಾಗಿತ್ತು. ಮಧ್ಯೆ ಮಧ್ಯೆ 299 ರೂಪಾಯಿ ಕಟ್ ಆಗಿದೆ, ಐದು ಸಲ. ಮನೆಗೆ ಬಂದು ಮಗನಿಗೆ ತೋರಿಸಿದೆ. "ಅಪ್ಪ, ಕ್ರಿಕೆಟ್ ನೋಡೋಕೆ ಅಂತ ಆ್ಯಪ್ ಹಾಕ್ಕೊಂಡ್ಯಲ್ಲ, ಅದರದ್ದು" ಅಂದ. ಹಾಕ್ಕೊಂಡಾಗ ದಪ್ಪಕ್ಷರದಲ್ಲಿ ಇದ್ದದ್ದು ತಿಂಗಳಿಗೆ 99. ಮೊದಲ ತಿಂಗಳು 99 ಹೋಗಿದೆ, ಆಮೇಲಿಂದ 299. ಐದು ತಿಂಗಳಿಗೆ ಸಾವಿರ ರೂಪಾಯಿ ಜಾಸ್ತಿ.

ಇದು ಹೆಂಗಾಯ್ತು ಅಂದ್ರೆ, ಆಟೋಪೇಗೆ ಪಿನ್ ಒತ್ತುವಾಗ ಕೆಳಗೆ ಸಣ್ಣಕ್ಷರದಲ್ಲಿ "ಇಷ್ಟು ರೂಪಾಯಿವರೆಗೆ" ಅಂತ ಇರುತ್ತೆ. ಮೇಲೆ 99 ತೋರಿಸಿ, ಕೆಳಗೆ 299ರವರೆಗೆ ಒಪ್ಪಿಗೆ ತಗೊಂಡಿದ್ದಾರೆ. ನಾನು ಮೇಲಿಂದು ನೋಡಿ ಪಿನ್ ಒತ್ತಿದೆ. ಸಿಟ್ಟು ಬಂದು ಆ್ಯಪ್ ಅಳಿಸಿಬಿಡೋಣ ಅಂತಿದ್ದೆ, ಮಗ ತಡೆದ. ಆ್ಯಪ್ ಅಳಿಸಿದ್ರೂ ಆಟೋಪೇ ನಿಲ್ಲಲ್ಲ, ದುಡ್ಡು ಹೋಗ್ತಾನೇ ಇರುತ್ತೆ.

ಅರಳಿಕಟ್ಟೆ ಹತ್ರ ಹೇಳಿದ್ರೆ ಎಲ್ಲರದ್ದೂ ಒಂದೇ ಮಾತು: "ಹೋಗ್ಲಿ ಬಿಡಣ್ಣ, ಇನ್ನೂರು ರೂಪಾಯಿಗೆ ಯಾಕೆ ತಲೆ ಕೆಡಿಸ್ಕೊಂತೀಯ." ನನಗೆ ಬೇಜಾರಾಗೋದು ಈ ಮಾತಿಗೆ. ಡೈರಿಲಿ ಒಂದು ಪಾಯಿಂಟ್ ಫ್ಯಾಟ್ ಕಮ್ಮಿ ಬಂದ್ರೆ ಸೆಕ್ರೆಟರಿ ಜೊತೆ ಜಗಳಕ್ಕೆ ನಿಲ್ತೀವಿ. ಮಾರ್ಕೆಟ್ಟಲ್ಲಿ ಬಿಳಿ ಚೀಟಿ ಕೊಟ್ಟು ತೂಕದಲ್ಲಿ ಎರಡು ಕೆಜಿ ಕಳೆದ್ರೆ ಮಂಡಿಯವನ ಕೊರಳಪಟ್ಟಿ ಹಿಡಿಯೋ ಹಾಗೆ ಮಾತಾಡ್ತೀವಿ. ಫೋನಲ್ಲಿ ತೆಗೆದ್ರೆ ಮಾತ್ರ "ಹೋಗ್ಲಿ ಬಿಡು". ಎದುರಿಗೆ ಮನುಷ್ಯ ಕಾಣಲ್ಲ, ಅಷ್ಟೇ ವ್ಯತ್ಯಾಸ. ಒಂದು ಊರಲ್ಲಿ ನೂರು ಮನೆಯಿಂದ 200 ಅಂದ್ರೆ ತಿಂಗಳಿಗೆ 20,000. ಅವರ ವ್ಯಾಪಾರ ನಡೆಯೋದೇ ನಮ್ಮ "ಹೋಗ್ಲಿ ಬಿಡು" ಮೇಲೆ.

"ಓದದೆ ಪಿನ್ ಒತ್ತಿದ್ದು ನಿನ್ನ ತಪ್ಪು" ಅಂತಲೂ ಹೇಳಿದ್ರು. ಒಪ್ತೀನಿ, ನೋಡಬೇಕಿತ್ತು. ಆದರೆ ಸೇರೋಕೆ ಒಂದೇ ಬಟನ್, ಬಿಡೋಕೆ ಏಳು ಕಡೆ ಹುಡುಕಬೇಕು ಅಂತ ಮಾಡಿಟ್ಟವರು ಯಾರು? ಇದಕ್ಕೆ ಕೇಂದ್ರ ಸರ್ಕಾರ 2023ರ ನವೆಂಬರ್ 30ರಂದೇ ನಿಯಮ ತಂದಿದೆ. ಗ್ರಾಹಕರನ್ನ ಯಾಮಾರಿಸೋ 13 ತಂತ್ರ ಮಾಡಂಗಿಲ್ಲ ಅಂತ ಪಟ್ಟಿ ಕೊಟ್ಟಿದೆ. ಬಿಡೋಕಾಗದ ಹಾಗೆ ಚಂದಾದಲ್ಲಿ ಸಿಕ್ಕಿಸೋದೂ ಅದರಲ್ಲಿ ಒಂದು. ಆಟೋಪೇಲಿ ದುಡ್ಡು ಕಟ್ ಮಾಡೋ 24 ಗಂಟೆ ಮುಂಚೆ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೂ ಇದೆ. ಮೆಸೇಜು ಬರುತ್ತೆ, ಇಂಗ್ಲಿಷಲ್ಲಿ, ಸಾಲದ ಆಫರುಗಳ ಮಧ್ಯೆ. ಯಾರು ನೋಡ್ತಾರೆ?

ಕಂಪನಿಗೆ ಬರೆದೆ. ಮಿಷಿನ್ ಉತ್ತರ ಬಂತು: ಷರತ್ತಿನಲ್ಲಿ ಇದೆ. ಆಮೇಲೆ 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಿದ್ರು. ದೂರಿನ ನಂಬರ್ ಕೊಟ್ಟರು. ಕಂಪನಿಯವರು ಮೊದಲು "ಒಂದು ತಿಂಗಳು ಫ್ರೀ ಕೊಡ್ತೀವಿ" ಅಂದ್ರು. ನನ್ನ ದುಡ್ಡಿಗೆ ನಿಮ್ಮ ಫ್ರೀ ಯಾಕೆ ಅಂದೆ. ಕೊನೆಗೆ 600 ವಾಪಸ್ ಹಾಕಿದ್ರು. ಇನ್ನೂ 400 ಬರಬೇಕು. ಬಿಡಲ್ಲ. ಹೆಸರು ಈಗ ಬರೆಯಲ್ಲ, ವ್ಯವಹಾರ ಮುಗಿದಿಲ್ಲ.

ಅಲ್ಲೂ ಆಗಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀಸಿಲ್ಲ, ಲಾಯರ್ ಬೇಕೇ ಬೇಕು ಅಂತಿಲ್ಲ. ಎರಡು ವರ್ಷದೊಳಗೆ ದೂರು ಹಾಕಬೇಕು.

ನೀವು ಇವತ್ತು ಮಾಡಬೇಕಾದ್ದು ಮೂರು ಕೆಲಸ. ದುಡ್ಡು ಕಳಿಸೋ ಆ್ಯಪ್‌ನಲ್ಲಿ "ಆಟೋಪೇ" ಅಂತಿರುತ್ತೆ, ತೆಗೆದು ನೋಡಿ, ಬೇಡದ್ದನ್ನ ಅಲ್ಲೇ ರದ್ದು ಮಾಡಿ. ಜಾಸ್ತಿ ಹೋಗಿದ್ರೆ ದರ ತೋರಿಸಿದ ಪರದೆ, ಮೆಸೇಜು, ಪಾಸ್‌ಬುಕ್ ಎಲ್ಲದರ ಫೋಟೋ ಇಟ್ಕೊಳ್ಳಿ. ಆಮೇಲೆ 1915ಕ್ಕೆ ಫೋನ್ ಮಾಡಿ.

ಗೊತ್ತಾಗದೇ ಇದ್ರೆ ಸಂಜೆ ಹಾಲು ಹಾಕೋಕೆ ಬರುವಾಗ ಪಾಸ್‌ಬುಕ್ ತನ್ನಿ, ಡೈರಿ ಹತ್ರ ಕೂತು ನೋಡೋಣ. ನಾನೂ ಎಸ್ಸೆಸ್ಸೆಲ್ಸಿ ಓದಿದವನೇ. ನಾಚಿಕೆ ನಮಗೆ ಬೇಡ, ತಗೊಂಡವರಿಗೆ ಇರಲಿ.