ಲಸಿಕೆಯ ಶೀಶೆಯೊಳಗಿನ ತಾಪ

9 ತಿಂಗಳು ತುಂಬಿದ ಮಗುವಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಲು ಹೋದಾಗ ನೀವು ಗಮನಿಸಿರಬಹುದು. ಪುಟ್ಟ ಶೀಶೆಯ ತಳದಲ್ಲಿ ಒಣಗಿದ ಬಿಲ್ಲೆಯಂಥ ಪುಡಿ ಇರುತ್ತದೆ. ನರ್ಸ್ ಅದಕ್ಕೆ ದ್ರಾವಕ ಬೆರೆಸಿ ಕರಗಿಸುತ್ತಾರೆ. ಆ ಪುಡಿಯಲ್ಲಿರುವುದು ಬಲಗುಂದಿಸಿದ ಜೀವಂತ ವೈರಸ್. ಅದನ್ನು ಕೊಲ್ಲದೆ ಒಣಗಿಸುವುದು ಸುಲಭದ ಕೆಲಸವಲ್ಲ.

ಕಾರ್ಖಾನೆಯಲ್ಲಿ ಲಸಿಕೆಯನ್ನು ಹೆಪ್ಪುಗಟ್ಟಿಸಿ, ಯಂತ್ರದೊಳಗಿನ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಆಗ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಒಳಗಿನ ಔಷಧ, ಶೀಶೆ ಕೂತಿರುವ ತಟ್ಟೆಗಿಂತ ತಣ್ಣಗಿರುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಂಪಾಗುವಂತೆಯೇ ಇದೂ. ಹಾಗಾಗಿ ತಟ್ಟೆಯ ತಾಪ ನೋಡಿದರೆ ಸಾಲದು. ಕೆಲವು ಶೀಶೆಗಳೊಳಗೆ ತಾಪ ಅಳೆಯುವ ಸಣ್ಣ ತಂತಿ ಇಳಿಬಿಡುತ್ತಾರೆ. ತಾಪ ಮಿತಿ ಮೀರಿದರೆ ಬಿಲ್ಲೆ ಕುಸಿಯುತ್ತದೆ, ತೇವ ಒಳಗೇ ಉಳಿಯಬಹುದು. ಮಂಜುಗಡ್ಡೆ ಮುಗಿದೊಡನೆ ಔಷಧದ ತಾಪ ತಟ್ಟೆಯ ತಾಪದತ್ತ ಏರುತ್ತದೆ.

ಇಲ್ಲೊಂದು ತೊಡಕಿದೆ. ತಂತಿಯಿಟ್ಟ ಶೀಶೆ ಸಾಮಾನ್ಯವಾಗಿ ಉಳಿದವುಗಳಿಗಿಂತ ಬೇಗ ಒಣಗುತ್ತದೆ. ಅದೊಂದನ್ನೇ ನಂಬಿ ಅವಸರಪಟ್ಟರೆ ಇತರ ಶೀಶೆಗಳಲ್ಲಿ ಮಂಜು ಉಳಿದಿರಬಹುದು. ಆದ್ದರಿಂದ ಬಲ್ಲವರು ಇನ್ನೂ ಕೆಲ ಹೊತ್ತು ಕಾಯುತ್ತಾರೆ, ಯಂತ್ರದೊಳಗಿನ ಒತ್ತಡವನ್ನೂ ಪರೀಕ್ಷಿಸುತ್ತಾರೆ.

ಇಷ್ಟೆಲ್ಲ ಎಚ್ಚರಿಕೆ ಕೊನೆಯ ಗಳಿಗೆಯಲ್ಲಿ ಮಣ್ಣುಪಾಲಾಗಬಾರದು. ಪುಡಿ ಒಮ್ಮೆ ಕರಗಿತೆಂದರೆ ಅದರ ತಾಳಿಕೆ ಮುಗಿಯಿತು. ಬಿಸಿಲಿನ ಝಳಕ್ಕೆ ಅದು ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ರೋಗಾಣುಗಳೂ ಸೇರಬಹುದು. ನಮ್ಮ ದೇಶದ ನಿಯಮದಂತೆ ಕರಗಿಸಿದ 4 ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ನರ್ಸ್ ಹಾಗೆ ಎಸೆದರೆ 'ಎಷ್ಟೊಂದು ದಂಡ!' ಎಂದು ಕೆಲವರು ಗೊಣಗುತ್ತಾರೆ. ಅದು ದಂಡವಲ್ಲ, ಮಗುವಿನ ರಕ್ಷಣೆಗೆ ತೆತ್ತ ಬೆಲೆ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಹೆಚ್ಚು ಮಕ್ಕಳು ಬಂದಿಲ್ಲವೆಂದು ಹೊಸ ಶೀಶೆ ತೆರೆಯದೆ ತಾಯಿಯನ್ನು ವಾಪಸು ಕಳಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕೂಲಿ ಬಿಟ್ಟು ಬಂದವಳು ಮತ್ತೆ ಬರುತ್ತಾಳೆಂಬ ಭರವಸೆಯೇನು? ಲಸಿಕೆ ತಪ್ಪಿದ ಮಗುವಿಗೆ ದಡಾರ ಬಂದು, ಅದು ನ್ಯುಮೋನಿಯಾಕ್ಕೆ ತಿರುಗಿದರೆ ಆಗುವ ನಷ್ಟದ ಮುಂದೆ ಒಂದು ಶೀಶೆ ಯಾವ ಲೆಕ್ಕ?

ಮುಂದಿನ ಸಲ ಲಸಿಕೆಗೆ ಹೋದಾಗ ಸಂಕೋಚಪಡದೆ ಕೇಳಿ: 'ಈ ಶೀಶೆ ಯಾವಾಗ ತೆರೆದದ್ದು?' ಒಳ್ಳೆಯ ನರ್ಸ್ ಈ ಪ್ರಶ್ನೆಗೆ ಬೇಸರಿಸಿಕೊಳ್ಳುವುದಿಲ್ಲ.