ಗುಜರಿಗೆ ಹೋಗುವ ಮುನ್ನ

ನಮ್ಮ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಒಳಛಾವಣಿಯಲ್ಲಿ ಶಿವ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಕುಣಿಯುತ್ತಲೇ ಇದ್ದಾನೆ. ಬೆಳ್ಳಿತೆರೆಯ ಮೇಲೆ ಕುಣಿದವರಿಗೆ ಮಾತ್ರ ನಾವು ನೂರು ವರ್ಷದ ಸೂರನ್ನೂ ಉಳಿಸಿಕೊಡಲಿಲ್ಲ.

ಬೆಂಗಳೂರಿನಲ್ಲಿ ಮೆಜೆಸ್ಟಿಕ್ ಎಂಬ ಹೆಸರಿದೆ, ಆ ಹೆಸರು ಕೊಟ್ಟ ಟಾಕೀಸಿಲ್ಲ. 1934ರ ಮಾರ್ಚ್ 3ರಂದು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡ ಪ್ಯಾರಾಮೌಂಟೂ ಇಲ್ಲ, ಆ ಚಿತ್ರದ ಪ್ರತಿಯೂ ಇಲ್ಲ. 1968ರಲ್ಲಿ ಶುರುವಾದ ಭಾರಿ ‘ಕಪಾಲಿ’ 2017ರಲ್ಲಿ ಬಾಗಿಲು ಹಾಕಿ, ಆಮೇಲೆ ನೆಲಸಮವಾಯಿತು.

ಮಾಲೀಕರನ್ನು ದೂರಿ ಫಲವಿಲ್ಲ. ಸಾವಿರ ಕುರ್ಚಿಯ ಹಾಲಿನಲ್ಲಿ ನಲವತ್ತು ಜನ ಕೂತರೆ ಕರೆಂಟು ಬಿಲ್ಲಿಗೂ ಗಿಟ್ಟದು. ಕಟ್ಟಡ ಉಳಿಯದಿದ್ದರೆ ಯಂತ್ರವನ್ನಾದರೂ ಉಳಿಸಬಹುದಲ್ಲ?

ಹುಡುಗನಾಗಿದ್ದಾಗ ತಿಪಟೂರಿನ ಟಾಕೀಸೊಂದರ ಕ್ಯಾಬಿನ್ನಿಗೆ ಇಣುಕಿದ್ದೆ. ಎರಡು ಕಾರ್ಬನ್ ಕಡ್ಡಿಗಳ ನಡುವೆ ಕಣ್ಣು ಕೋರೈಸುವ ಬೆಳಕು. ರೀಲು ತಲೆಕೆಳಗಾಗಿ ಓಡುತ್ತಿತ್ತು! ‘ಯಾಕಣ್ಣ?’ ಎಂದೆ. ‘ಮಸೂರ ನೆಟ್ಟಗೆ ಮಾಡ್ತದೆ, ಹೋಗೋ’ ಎಂದರು ಆಪರೇಟರು. ನಾನು ಕಲಿತ ಮೊದಲ ಬೆಳಕಿನ ಪಾಠ ಅದೇ.

ಅಂಥ ಪ್ರೊಜೆಕ್ಟರುಗಳು ಗುಜರಿ ಅಂಗಡಿಯ ತಕ್ಕಡಿ ಏರುತ್ತವೆ. ಮುಚ್ಚಿದ ಟಾಕೀಸಿನ ಯಜಮಾನರೇ, ತೂಕಕ್ಕೆ ಹಾಕುವ ಮೊದಲು ಹತ್ತಿರದ ಹೈಸ್ಕೂಲನ್ನೊಮ್ಮೆ ಕೇಳಿ. ಸೆಕೆಂಡಿಗೆ 24 ಚಿತ್ರ ಓಡಿದರೆ ನಿಂತ ಬೊಂಬೆ ಹೇಗೆ ನಡೆಯುತ್ತದೆಂದು ಮಕ್ಕಳು ಕಣ್ಣಾರೆ ನೋಡಲಿ. ಸಾಗಿಸುವ ಗಾಡಿಯ ಬಾಡಿಗೆ ನಮ್ಮಂಥ ಮೇಷ್ಟ್ರುಗಳದ್ದು.